ರೇಡಾರ್ ಪರದೆಯ ಮೇಲೆ ಒಂದು ಚುಕ್ಕೆಯಾಗುವ ಕಷ್ಟ

ಕಬ್ಬು ಅರೆಯುವ ಕಾಲದಲ್ಲಿ ಮಂಡ್ಯ, ಪಾಂಡವಪುರದ ಕಡೆಯ ರಸ್ತೆಗಳಲ್ಲಿ ರಾತ್ರಿ ವಾಹನ ಓಡಿಸಿದವರಿಗೆ ಒಂದು ದಿಗಿಲು ಗೊತ್ತಿರುತ್ತದೆ. ಎದುರು ಬಂದ ಲಾರಿಯ ಬೆಳಕು ಕಣ್ಣಿಗೆ ರಾಚಿ ಸರಿದುಹೋದ ಮರುಕ್ಷಣ, ಹಿಂದೀಪವಿಲ್ಲದ ಕಬ್ಬಿನ ಟ್ರೇಲರ್ ಒಂದು ಕತ್ತಲೆಯೇ ಹೆಪ್ಪುಗಟ್ಟಿದಂತೆ ಹತ್ತು ಮಾರು ದೂರದಲ್ಲಿ ನಿಂತಿರುತ್ತದೆ. ಅದರ ಹಿಂಬದಿಗೆ ಅಂಗೈಯಗಲದ ಕೆಂಪು ಪ್ರತಿಫಲಕ ಬಡಿದಿದ್ದರೆ ನೂರಾರು ಅಡಿಯಿಂದಲೇ ಅದು ಹೊಳೆದು ಎಚ್ಚರಿಸುತ್ತದೆ. ಇಳಿಬಿದ್ದ ಸೋಗೆ ಅದನ್ನು ಮುಚ್ಚಿದ್ದರೆ ಇದ್ದೂ ಇಲ್ಲದಂತೆ. ಹೀಗೆ ಒಡೆದು ರಸ್ತೆಯಂಚಿಗೆ ಬಿದ್ದಿದ್ದ ಒಂದು ಪ್ರತಿಫಲಕವನ್ನು ನಾನೊಮ್ಮೆ ಎತ್ತಿ ತಂದು ಭೂತಗನ್ನಡಿಯಲ್ಲಿ ನೋಡಿದ್ದೆ. ಹೊರಮೈ ನುಣುಪು, ಒಳಮೈ ತುಂಬ ಜೇನುಹಲ್ಲೆಯಂತೆ ಸಾಲುಗಟ್ಟಿದ ಸಣ್ಣ ಸಣ್ಣ ಮೂಲೆಗಳು. ಪ್ರತಿಯೊಂದೂ ಕೋಣೆಯ ಮೂಲೆಯ ಹಾಗೆ, ಮೂರು ಸಮತಲಗಳು ಒಂದಕ್ಕೊಂದು ಲಂಬವಾಗಿ ಕೂಡುವ ಜಾಗ. ಅದರೊಳಗೆ ಹೊಕ್ಕ ಬೆಳಕು ಮೂರು ಗೋಡೆಗಳಿಗೂ ಬಡಿದು ಬಂದ ದಿಕ್ಕಿಗೇ ಹಿಂದಿರುಗುತ್ತದೆ.

ಸಮುದ್ರದಲ್ಲಿ ಸಣ್ಣ ದೋಣಿಯನ್ನು ದೊಡ್ಡ ಹಡಗಿನ ರೇಡಾರ್‌ಗೆ ಕಾಣಿಸುವ ಹಳೆಯ ಉಪಾಯವೂ ಇದೇ ಮೂಲೆ. ಪ್ಲಾಸ್ಟಿಕ್‌ನ ಬದಲು ಲೋಹದ ತಗಡು, ಮಿಲಿಮೀಟರಿನ ಬದಲು ಗೇಣಳತೆ, ಅಷ್ಟೇ ವ್ಯತ್ಯಾಸ. ಕಾವೇರಿ ಬಯಲಿನ ನಮಗೆ ಕಡಲು ದೂರವಾದರೂ ಈ ಪ್ರಶ್ನೆ ದೂರದ್ದಲ್ಲ: ಮೈಸೂರಿನ ಮೀನಂಗಡಿಗಳಿಗೆ ಬಂಗುಡೆ, ಬೂತಾಯಿಗಳು ಐಸ್ ಪೆಟ್ಟಿಗೆಯಲ್ಲಿ ಘಟ್ಟ ಹತ್ತಿ ಬರುವುದು ರಾತ್ರಿಯೆಲ್ಲ ಬಲೆ ಎಳೆದ ದೋಣಿಗಳಿಂದಲೇ. ಆ ದೋಣಿಗಳಿಗೆ ‘ಒಂದು ಪ್ರತಿಫಲಕ ಕಟ್ಟಿಸಿ’ ಎಂದು ಹೇಳುವುದು ಸುಲಭ. ಯಾವ ಪ್ರತಿಫಲಕ, ಎಷ್ಟು ಎತ್ತರದಲ್ಲಿ, ಯಾವ ಭಂಗಿಯಲ್ಲಿ ಎಂದು ಕೇಳದೆ ಕಟ್ಟಿಸುವುದಾದರೆ ಅದು ಸೋಗೆ ಮುಚ್ಚಿದ ಪ್ರತಿಫಲಕಕ್ಕಿಂತ ಕೆಟ್ಟದ್ದು ಎಂಬುದು ನನ್ನ ವಾದ.

2021ರ ಏಪ್ರಿಲ್ 13ರ ನಸುಕಿಗೆ ಮುಂಚೆ, ಮಂಗಳೂರಿನಿಂದ ನಲವತ್ತಕ್ಕೂ ಹೆಚ್ಚು ನಾಟಿಕಲ್ ಮೈಲಿ ಆಚೆ, ಕೇರಳದ ಬೇಪೂರಿನಿಂದ ಹೊರಟಿದ್ದ ‘ರಬಾ’ ಎಂಬ ಮೀನುಗಾರಿಕಾ ದೋಣಿಗೂ ಸಿಂಗಪುರದ ಧ್ವಜ ಹೊತ್ತ ಒಂದು ಕಂಟೇನರ್ ಹಡಗಿಗೂ ಡಿಕ್ಕಿಯಾಯಿತು. ದೋಣಿಯಲ್ಲಿದ್ದ 14 ಮಂದಿಯಲ್ಲಿ ಬದುಕಿ ಸಿಕ್ಕವರು ಇಬ್ಬರೇ. ಈ ದುರಂತದ ಹೊಣೆಯನ್ನು ಹಂಚುವುದು ಈ ಲೇಖನದ ಕೆಲಸವಲ್ಲ. ಗಮನಿಸಬೇಕಾದ ಸಂಗತಿ ಬೇರೆ. ನೈಋತ್ಯ ಕಡಲಿನಲ್ಲಿ ಸರಕು ಹಡಗುಗಳ ದಾರಿಯನ್ನೂ ಮೀನುಗಾರಿಕಾ ದೋಣಿಗಳ ದಾರಿಯನ್ನೂ ಬೇರ್ಪಡಿಸುವ ಆದೇಶವನ್ನು ಕೇಂದ್ರ ಸರ್ಕಾರ 2020ರ ಆಗಸ್ಟ್ 1ರಿಂದ ಜಾರಿಗೊಳಿಸಿತ್ತು. ಅದಾಗಿ ಒಂಬತ್ತು ತಿಂಗಳು ತುಂಬುವ ಮುನ್ನವೇ ನಮ್ಮ ತೀರದಾಚೆ ಈ ಸಾವುಗಳು ಸಂಭವಿಸಿದವು. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಿಂದ 2023ರ ಆಗಸ್ಟ್‌ನಲ್ಲಿ ಟ್ರ್ಯಾಕ್ಟರ್, ಆಟೋ, ಬೈಕುಗಳನ್ನು ಹೊರಗಿಟ್ಟು ಅವಕ್ಕೆ ಪಕ್ಕದ ರಸ್ತೆ ತೋರಿಸಿದ ಹಾಗೆ ಕಡಲಿನಲ್ಲಿ ಮಾಡಲಾಗದು. ನಕ್ಷೆಯ ಮೇಲೆ ಗೆರೆ ಎಳೆಯಬಹುದು, ಬೇಲಿ ಹಾಕಲಾಗದು. ಮೀನಿನ ಹಿಂಡಿಗೆ ಆ ಗೆರೆ ಗೊತ್ತಿಲ್ಲ, ಮೀನಿನ ಹಿಂದೆ ಹೋಗುವ ದೋಣಿ ಗೆರೆಯನ್ನು ದಾಟದೆ ಇರುವುದಿಲ್ಲ. ಆದ್ದರಿಂದ ಒಂದೇ ನೀರಿನಲ್ಲಿ ಇಬ್ಬರೂ ಇರುತ್ತಾರೆ ಎಂದು ಒಪ್ಪಿಕೊಂಡೇ ಮುಂದಿನ ಲೆಕ್ಕ ಹಾಕಬೇಕು.

ನನ್ನ ಅಕ್ಕನ ಮಗ ಸರಕು ಹಡಗೊಂದರಲ್ಲಿ ಸೆಕೆಂಡ್ ಆಫೀಸರ್. ಮಧ್ಯರಾತ್ರಿ ಹನ್ನೆರಡರಿಂದ ನಾಲ್ಕರವರೆಗಿನ ಪಾಳಿ ರೂಢಿಯಂತೆ ಆ ಹುದ್ದೆಯವರದು. ರಜೆಗೆ ಮೈಸೂರಿನ ಮನೆಗೆ ಬಂದಿದ್ದಾಗ, ಸಣ್ಣ ದೋಣಿಗಳು ನಿಮ್ಮ ಪರದೆಗೆ ಕಾಣುವುದೇ ಇಲ್ಲವೇನೋ ಎಂದು ಕೇಳಿದೆ. ‘ಕಾಣೋದೇ ಇಲ್ಲ ಅಂತಲ್ಲ ಮಾವ,’ ಎಂದ. ‘ಒಂದ್ಸಲ ಕಾಣುತ್ತೆ, ಆಮೇಲೆ ಮೂರು ಸುತ್ತು ಕಾಣಲ್ಲ. ಅದು ಅಲೆನೋ ದೋಣಿನೋ ಅಂತ ನೋಡ್ತಾ ನಿಂತಿರೋವಾಗ್ಲೇ ಅರ್ಧ ಮೈಲಿ ಮುಂದೆ ಹೋಗಿರ್ತೀವಿ.’

ಆ ‘ಮೂರು ಸುತ್ತು’ ಏನೆಂದು ತಿಳಿಯಬೇಕಾದರೆ ರೇಡಾರ್‌ನ ಕೆಲಸವನ್ನು ಸ್ವಲ್ಪ ನೋಡಬೇಕು. ಹಡಗಿನ ಮೇಲೆ ತಿರುಗುವ ಆಂಟೆನಾ ಅತಿ ಚಿಕ್ಕ ರೇಡಿಯೊ ತುಡಿತಗಳನ್ನು ಕಳಿಸಿ, ಎದುರು ಸಿಕ್ಕಿದ ವಸ್ತುವಿಗೆ ಬಡಿದು ಮರಳುವ ಕ್ಷೀಣ ಪ್ರತಿಧ್ವನಿಯನ್ನು ಆಲಿಸುತ್ತದೆ. ಒಂದು ಸುತ್ತಿಗೆ ಸುಮಾರು ಎರಡೂವರೆ ಸೆಕೆಂಡು ಹಿಡಿಯುತ್ತದೆ. ಹೋಗುವಾಗಲೂ ಬರುವಾಗಲೂ ಅಲೆ ಹರಡಿಕೊಳ್ಳುವುದರಿಂದ, ದೂರ ಎರಡು ಪಟ್ಟಾದರೆ ಪ್ರತಿಧ್ವನಿಯ ಬಲ ಹದಿನಾರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ನೀರಿಗೆ ಅಂಟಿಕೊಂಡಂತಿರುವ ವಸ್ತುವಿನ ಪಾಡು ಇದಕ್ಕಿಂತಲೂ ಕಷ್ಟ: ಅದನ್ನು ನೇರವಾಗಿ ತಲುಪುವ ಅಲೆಯೂ ಸಮುದ್ರದ ಮೈಗೆ ತಾಗಿ ತಲುಪುವ ಅಲೆಯೂ ಒಂದನ್ನೊಂದು ಹೆಚ್ಚುಕಡಿಮೆ ಅಳಿಸಿಹಾಕುತ್ತವೆ.

ಪ್ರತಿಧ್ವನಿ ಎಷ್ಟು ಬಲವಾಗಿರುತ್ತದೆ ಎನ್ನುವುದು ವಸ್ತುವಿನ ಗಾತ್ರಕ್ಕಿಂತ ಅದರ ಸಾಮಗ್ರಿ ಮತ್ತು ಆಕಾರವನ್ನು ಅವಲಂಬಿಸಿದೆ. ಉಕ್ಕಿನ ಹಡಗು ರೇಡಾರ್‌ಗೆ ಬೆಟ್ಟ. ಮರ ಮತ್ತು ಫೈಬರ್‌ನ ದೋಣಿ ಹೆಚ್ಚುಪಾಲು ಅಲೆಯನ್ನು ತನ್ನೊಳಗೆ ಹಾಯಲು ಬಿಡುತ್ತದೆ. ಅದರಿಂದ ಮರಳುವುದು ಎಂಜಿನ್, ಹಗ್ಗ ಸುತ್ತುವ ಚಕ್ರ, ಒದ್ದೆ ಮೈಯ ಮನುಷ್ಯರು ಇಂಥವುಗಳಿಂದ ಚೂರುಚೂರಾಗಿ ಬರುವ ಪ್ರತಿಧ್ವನಿ ಮಾತ್ರ. ಕೆಆರ್‌ಎಸ್ ಹಿನ್ನೀರಿನಲ್ಲಿ ಬಲೆ ಬಿಡುವವರ ಹರಿಗೋಲನ್ನೇ ನೆನೆಸಿಕೊಳ್ಳಿ. ಬಿದಿರಿನ ಹಂದರ, ಮೇಲೆ ಪ್ಲಾಸ್ಟಿಕ್ ಹೊದಿಕೆ, ನೀರಿನಿಂದ ಮೊಳವೆತ್ತರದ ಅಂಚು, ಎಲ್ಲೂ ಒಂದು ಲೋಹದ ಚೂರಿಲ್ಲ. ರೇಡಾರ್‌ನಿಂದ ತಪ್ಪಿಸಿಕೊಳ್ಳಲೆಂದೇ ಯಾರಾದರೂ ದೋಣಿ ಕಟ್ಟಿದರೂ ಇದಕ್ಕಿಂತ ಚೆನ್ನಾಗಿ ಕಟ್ಟಲಾರರು. ಹಿನ್ನೀರಿನಲ್ಲಿ ಹಡಗಿಲ್ಲದ್ದರಿಂದ ನಮ್ಮ ಅಂಬಿಗರಿಗೆ ರೇಡಾರ್‌ನ ಹಂಗಿಲ್ಲ. ಆದರೆ ಕರಾವಳಿಯ ಫೈಬರ್ ನಾಡದೋಣಿ ಈ ದೃಷ್ಟಿಯಿಂದ ಹರಿಗೋಲಿನ ಹತ್ತಿರದ ನೆಂಟನೇ.

ಇನ್ನು ಅಲೆಗಳ ವಿಷಯ. ಕಡಲಿನ ತೆರೆಗಳೂ ರೇಡಾರ್‌ಗೆ ಪ್ರತಿಧ್ವನಿ ಕೊಡುತ್ತವೆ. ಗಾಳಿ ಎದ್ದಾಗ ಪರದೆಯ ನಡುಭಾಗ, ಅಂದರೆ ಹಡಗಿನ ಸುತ್ತಲಿನ ಕೆಲವು ಮೈಲಿ, ರಾಗಿ ಚೆಲ್ಲಿದ ಹಾಗೆ ಚುಕ್ಕೆಗಳಿಂದ ತುಂಬಿಹೋಗುತ್ತದೆ. ಈ ಗದ್ದಲವನ್ನು ತಗ್ಗಿಸಲು ಒಂದು ಗುಂಡಿ ಇದೆ. ಅದನ್ನು ಹೆಚ್ಚು ತಿರುಗಿಸಿದರೆ ಅಲೆಯ ಚುಕ್ಕೆಗಳ ಜೊತೆಗೆ ದೋಣಿಯ ಚುಕ್ಕೆಯೂ ಒರೆಸಿಹೋಗುತ್ತದೆ; ಕಡಿಮೆ ತಿರುಗಿಸಿದರೆ ರಾಗಿಯ ನಡುವೆ ಸಾಸಿವೆ ಹುಡುಕುವ ಕೆಲಸ. ದೋಣಿಯೇನೂ ಒಂದೇ ಸಮನೆ ಕಾಣುವುದಿಲ್ಲ, ತೆರೆಯ ನೆತ್ತಿಗೇರಿದಾಗ ಕಂಡು ತಗ್ಗಿಗೆ ಇಳಿದಾಗ ಮರೆಯಾಗುತ್ತದೆ. ಹಡಗಿನ ಕಂಪ್ಯೂಟರ್ ಒಂದು ಗುರಿಯನ್ನು ತಾನಾಗಿ ಹಿಂಬಾಲಿಸುತ್ತ ಹೋಗಬೇಕಾದರೆ ಸತತ ಹತ್ತು ಸುತ್ತುಗಳಲ್ಲಿ ಐದರಲ್ಲಾದರೂ ಅದು ಸ್ಪಷ್ಟವಾಗಿ ಕಾಣುತ್ತಿರಬೇಕು ಎಂಬುದು ಅಂತರರಾಷ್ಟ್ರೀಯ ಕಡಲ ಸಂಸ್ಥೆ ಇಟ್ಟಿರುವ ಅಳತೆಗೋಲು. ಹತ್ತರಲ್ಲಿ ಮೂರು ಸಲ ಮಾತ್ರ ಮಿನುಗುವ ದೋಣಿಯನ್ನು ಯಂತ್ರ ಕೈಬಿಟ್ಟರೆ ಅದು ಯಂತ್ರದ ದೋಷವೆನಿಸುವುದಿಲ್ಲ. ನನ್ನ ಅಳಿಯ ಹೇಳಿದ್ದು ಇದನ್ನೇ. ಚುಕ್ಕೆ ಪರದೆಗೆ ಒಮ್ಮೆ ಬಂದರೆ ಸಾಲದು, ಅಲ್ಲೇ ನಿಲ್ಲಬೇಕು.

ನಿಂತರೆ ಸಿಗುವ ಲಾಭ ಎಷ್ಟು? ಅದೇ ಸಂಸ್ಥೆ 2004ರಲ್ಲಿ ಒಪ್ಪಿದ ರೇಡಾರ್ ಮಾನದಂಡದಲ್ಲಿ ಒಂದು ಕೋಷ್ಟಕವಿದೆ. ಸಮುದ್ರ ಶಾಂತವಾಗಿದ್ದಾಗ, ಪ್ರತಿಫಲಕವಿಲ್ಲದ 10 ಮೀಟರ್ ಉದ್ದದ ಸಣ್ಣ ದೋಣಿಯನ್ನು ಹಡಗಿನ ಎಕ್ಸ್ ಬ್ಯಾಂಡ್ ರೇಡಾರ್, ಅಂದರೆ ಮೂರು ಸೆಂಟಿಮೀಟರ್ ಉದ್ದದ ಅಲೆ ಬಳಸುವ ರೇಡಾರ್, 3.4 ನಾಟಿಕಲ್ ಮೈಲಿಯಿಂದ ಪತ್ತೆಹಚ್ಚಬೇಕು. ಮಾನದಂಡಕ್ಕೆ ಒಪ್ಪುವ ಪ್ರತಿಫಲಕವನ್ನು 4 ಮೀಟರ್ ಎತ್ತರದಲ್ಲಿ ಕಟ್ಟಿದ ದೋಣಿಯನ್ನಾದರೆ 5 ಮೈಲಿಯಿಂದ. 20 ನಾಟ್ ವೇಗದ ಹಡಗು ಒಂದು ನಾಟಿಕಲ್ ಮೈಲಿಯನ್ನು, ಅಂದರೆ 1.852 ಕಿಲೋಮೀಟರನ್ನು, ಮೂರು ನಿಮಿಷದಲ್ಲಿ ಕ್ರಮಿಸುತ್ತದೆ. ಲೆಕ್ಕ ಹಾಕಿದರೆ ಒಬ್ಬನಿಗೆ ಹತ್ತು ನಿಮಿಷದ ಎಚ್ಚರ, ಇನ್ನೊಬ್ಬನಿಗೆ ಹದಿನೈದು. ಪೂರ್ಣ ಭಾರ ಹೊತ್ತ ಹಡಗು ಸುಲಭಕ್ಕೆ ನಿಲ್ಲುವುದೂ ಇಲ್ಲ, ತಿರುಗುವುದೂ ಇಲ್ಲ ಎಂಬುದನ್ನು ನೆನಪಿಟ್ಟರೆ ಆ ಐದು ನಿಮಿಷ ಸಣ್ಣದಲ್ಲ. ಆದರೆ ಇದು ತಿಳಿನೀರಿನ ಲೆಕ್ಕ ಎಂಬುದನ್ನೂ ಮರೆಯಬಾರದು.

ಈಗ ಮೂಲೆಯ ವಿಷಯಕ್ಕೆ ಬರೋಣ, ಏಕೆಂದರೆ ಇಡೀ ವಿಷಯದಲ್ಲಿ ಅತ್ಯಂತ ಸೊಗಸಾದ ಭಾಗ ಇದೇ. ‘ಲೋಹ ಕಂಡರೆ ಸಾಕಲ್ಲವೇ, ಒಂದು ಅಲ್ಯೂಮಿನಿಯಂ ಪಾತ್ರೆಯನ್ನು ಗಳುವಿಗೆ ಕಟ್ಟಿದರಾಯಿತು’ ಎಂದು ಯಾರಿಗಾದರೂ ತೋಚುತ್ತದೆ. ಒಂದು ಅಡಿ ಅಗಲದ ಗುಂಡನೆಯ ಪಾತ್ರೆ ತನ್ನ ಮೇಲೆ ಬಿದ್ದ ಅಲೆಯನ್ನು ಎಲ್ಲ ದಿಕ್ಕಿಗೂ ಎರಚಿಬಿಡುತ್ತದೆ. ಮರಳುವ ಪ್ರತಿಧ್ವನಿಯ ಬಲವನ್ನು ‘ರೇಡಾರ್ ವಿಸ್ತೀರ್ಣ’ ಎಂದು ಚದರ ಮೀಟರಿನಲ್ಲಿ ಅಳೆಯುತ್ತಾರೆ, ಅದು ವಸ್ತುವಿನ ನಿಜವಾದ ಅಳತೆಯಲ್ಲ; ಪಾತ್ರೆಯ ರೇಡಾರ್ ವಿಸ್ತೀರ್ಣ ಹೆಚ್ಚೆಂದರೆ 0.07 ಚದರ ಮೀಟರ್. ಸರಿ, ಚಪ್ಪಟೆ ತಗಡು? ಒಂದಡಿ ಉದ್ದಗಲದ ತಗಡು ಹಡಗಿಗೆ ನೇರವಾಗಿ ಮುಖ ಮಾಡಿ ನಿಂತರೆ ಎಕ್ಸ್ ಬ್ಯಾಂಡಿನಲ್ಲಿ ಸುಮಾರು 100 ಚದರ ಮೀಟರಿನಷ್ಟು ಹೊಳೆಯುತ್ತದೆ. ಆದರೆ ಬರೀ ಮೂರು ಡಿಗ್ರಿ ಹೊರಳಿದರೆ ಆ ಹೊಳಪು ಬಹುತೇಕ ಸೊನ್ನೆ. ತೂಗಾಡುವ ದೋಣಿಯಲ್ಲಿ ಅದು ಯಾರ ಕಡೆಗೂ ಮುಖ ಮಾಡಿ ನಿಲ್ಲಲಾರದು. ಅದೇ ತಗಡಿನಿಂದ ಅಂಚಿಗೆ 30 ಸೆಂಟಿಮೀಟರ್ ಇರುವ ತ್ರಿಕೋನಗಳನ್ನು ಕತ್ತರಿಸಿ, ಮೂರನ್ನು ಲಂಬವಾಗಿ ಜೋಡಿಸಿ ಮೂಲೆ ಮಾಡಿದರೆ, ಅದು ತನ್ನ ಒಳಮುಖದ ಅಗಲವಾದ ಹರವಿನಲ್ಲಿ ಎಲ್ಲಿಂದ ಅಲೆ ಬಂದರೂ ಬಂದಲ್ಲಿಗೇ ಮರಳಿಸುತ್ತದೆ. ಅದರ ಗರಿಷ್ಠ ವಿಸ್ತೀರ್ಣ 33 ಚದರ ಮೀಟರಿನ ಆಸುಪಾಸು. ಪಾತ್ರೆಗೆ ಹೋಲಿಸಿದರೆ ನಾನೂರು ಪಟ್ಟಿಗೂ ಹೆಚ್ಚು. ಬಂದದ್ದು ಲೋಹದಿಂದಲ್ಲ, ಕೋನದಿಂದ.

ಇದನ್ನು ಮನೆಯಲ್ಲೇ ನೋಡಬಹುದು. ಗಾಜಿನ ಅಂಗಡಿಯಲ್ಲಿ ಅಂಗೈಯಗಲದ ಮೂರು ಚೌಕ ಕನ್ನಡಿಗಳನ್ನು ಕತ್ತರಿಸಿಕೊಂಡು ಬಂದು, ರಟ್ಟಿನ ಪೆಟ್ಟಿಗೆಯೊಂದರ ಮೂಲೆಗೆ ಅಂಟಿಸಿ ಮೇಜಿನ ಮೇಲಿಟ್ಟೆ. ಒಂದು ಕಣ್ಣು ಮುಚ್ಚಿ ನೋಡಿದರೆ ಮೂರು ಕನ್ನಡಿ ಕೂಡುವ ಬಿಂದುವಿನಲ್ಲಿ ತೆರೆದ ಕಣ್ಣೇ ಕಾಣುತ್ತದೆ. ಎಡಕ್ಕೆ ಸರಿದರೂ ಅಲ್ಲೇ, ಬಲಕ್ಕೆ ಸರಿದರೂ ಅಲ್ಲೇ, ಬಗ್ಗಿದರೂ ಎದ್ದರೂ ಆ ಕಣ್ಣು ಮೂಲೆ ಬಿಟ್ಟು ಕದಲುವುದಿಲ್ಲ. ಆಮೇಲೆ ಒಂದು ಕನ್ನಡಿಯ ಕೆಳಗೆ ಮಡಿಸಿದ ಕಾಗದದ ಚೂರು ತೂರಿಸಿದೆ. ಕೋನ ಒಂದೆರಡು ಡಿಗ್ರಿ ತಪ್ಪಿರಬಹುದು. ಕಣ್ಣು ಸೀಳಿ ಹಲವಾಯಿತು. ಮೂಲೆ ಪ್ರತಿಫಲಕ ತಗ್ಗಿಹೋದಾಗ, ಕಾಲಿಗೆ ಸಿಕ್ಕಿ ಸೊಟ್ಟಗಾದಾಗ ರೇಡಾರ್ ಅಲೆಗೆ ಆಗುವುದೂ ಇದೇ. ಮೂಲೆ ದೊಡ್ಡದಾದಷ್ಟೂ ಈ ಸೊಟ್ಟ ಹೆಚ್ಚು ಕಾಡುತ್ತದೆ. ಇಸ್ರೋದ ಚಂದ್ರಯಾನ–3ರ ವಿಕ್ರಮ್ ಲ್ಯಾಂಡರ್ ಕೂಡ ಚಂದ್ರನ ಮೇಲೆ ಇಂಥದೇ ಪುಟ್ಟ ಮೂಲೆಗಳ ಒಂದು ಗುಚ್ಛವನ್ನು ಹೊತ್ತು ಕುಳಿತಿದೆ. ಚಂದ್ರನನ್ನು ಸುತ್ತುವ ನಾಸಾ ನೌಕೆಯ ಲೇಸರ್ ಕಿರಣವನ್ನು ಅದು ಬಂದ ದಾರಿಗೇ ಮರಳಿಸಿ ತೋರಿಸಿದೆ. ಇನ್ನೊಂದು ಕಡೆ, ರೇಡಾರ್‌ಗೆ ಕಾಣದ ಯುದ್ಧವಿಮಾನಗಳನ್ನು ಕೋಟಿಗಟ್ಟಲೆ ಸುರಿದು ಕಟ್ಟುವವರು ಕಲಿಯುವ ಮೊದಲ ಪಾಠವೇ ಲಂಬಕೋನದ ಮೂಲೆಗಳನ್ನು ಹತ್ತಿರ ಸೇರಿಸಬಾರದೆಂಬುದು.

ಮೂಲೆಯ ಅಂಚು ಎರಡು ಪಟ್ಟಾದರೆ ರೇಡಾರ್ ವಿಸ್ತೀರ್ಣ ಹದಿನಾರು ಪಟ್ಟಾಗುತ್ತದೆ. ಅರ್ಧವಾದರೆ ಹದಿನಾರನೆಯ ಒಂದಕ್ಕೆ ಇಳಿಯುತ್ತದೆ: 30 ಸೆಂಟಿಮೀಟರಿನ ಮೂಲೆಗೆ 33 ಚದರ ಮೀಟರ್ ಇದ್ದದ್ದು 15ರ ಮೂಲೆಗೆ ಎರಡೇ. ಪ್ರತಿಧ್ವನಿ ದೂರದ ಜೊತೆ ಹದಿನಾರರ ಲೆಕ್ಕದಲ್ಲೇ ಇಳಿಯುತ್ತದೆ ಎಂದು ಮೇಲೆ ಹೇಳಿದೆ. ಎರಡೂ ಸೇರಿದರೆ, ಬೇರೆ ತೊಡಕುಗಳನ್ನು ಬದಿಗಿಟ್ಟು, ಮೂಲೆಯ ಅಳತೆ ಇಮ್ಮಡಿಸಿದರೆ ಕಾಣುವ ದೂರವೂ ಇಮ್ಮಡಿಸುತ್ತದೆ. ಅಗ್ಗವೆಂದು, ಗಾಳಿಗೆ ಅಡ್ಡಿಯಾಗದೆಂದು ಸಣ್ಣದನ್ನು ಕೊಳ್ಳುವವರು ಕಳೆದುಕೊಳ್ಳುವುದು ಏನನ್ನೆಂದು ಇದರಿಂದ ತಿಳಿಯುತ್ತದೆ.

ಇಂಥ ಎಂಟು ಮೂಲೆಗಳನ್ನು ಬೆನ್ನಿಗೆ ಬೆನ್ನು ಸೇರಿಸಿದ ಅಷ್ಟಮುಖಿಯೇ ಎಲ್ಲೆಡೆ ಬಳಕೆಯಲ್ಲಿರುವ ಪ್ರತಿಫಲಕ. ಅದನ್ನು ತುದಿಯಿಂದ ನೇತುಹಾಕುವುದು ಸಹಜವೆನಿಸುತ್ತದೆ, ಅಂಗಡಿಯಲ್ಲೂ ಹಾಗೆಯೇ ತೂಗುಬಿಟ್ಟಿರುತ್ತಾರೆ. ಸರಿಯಾದ ಭಂಗಿ ಅದಲ್ಲ. ಒಂದು ಮೂಲೆ ಬಟ್ಟಲಿನಂತೆ ಆಕಾಶಕ್ಕೆ ಬಾಯ್ದೆರೆದು, ಮಳೆ ಬಂದರೆ ನೀರು ತುಂಬಿಕೊಳ್ಳುವ ಹಾಗೆ ಕಟ್ಟಬೇಕು. ಆಗ ಉಳಿದ ಮೂಲೆಗಳಲ್ಲಿ ಆರು ಸುತ್ತಲೂ ಹರಡಿ ದಿಗಂತದ ಕಡೆ ನೋಡುತ್ತವೆ. ತುದಿಯಿಂದ ತೂಗಿದಾಗ ಮೂಲೆಗಳ ದೃಷ್ಟಿಯೆಲ್ಲ ಮೇಲಕ್ಕೂ ಕೆಳಕ್ಕೂ ಹೋಗಿ, ಹಡಗಿರುವ ಮಟ್ಟಕ್ಕೆ ತೆಳುವಾದ ಹೊಳಪಷ್ಟೇ ಉಳಿಯುತ್ತದೆ. ಒಂದೇ ವಸ್ತು, ಒಂದೇ ಬೆಲೆ, ಕಟ್ಟುವ ಹಗ್ಗದ ಗಂಟಿನಲ್ಲಿ ಇಷ್ಟು ಅಂತರ.

ಕೊಂಡ ಮಾತ್ರಕ್ಕೆ ಕಾಣುತ್ತೇವೆಂಬ ನಂಬಿಕೆಯ ಅಪಾಯವನ್ನು ಬ್ರಿಟನ್ನಿನ ಒಂದು ದುರಂತ ಬಯಲಿಗೆ ತಂದಿತು. 2006ರ ಆಗಸ್ಟ್ 20ರ ರಾತ್ರಿ ವೈಟ್ ದ್ವೀಪದ ದಕ್ಷಿಣಕ್ಕೆ ‘ಊಜೋ’ ಎಂಬ ಹಾಯಿದೋಣಿ ಮೂವರು ನಾವಿಕರೊಂದಿಗೆ ಮುಳುಗಿತು. ‘ಪ್ರೈಡ್ ಆಫ್ ಬಿಲ್ಬಾವೊ’ ಎಂಬ ಪ್ರಯಾಣಿಕ ಹಡಗು ಅತಿ ಹತ್ತಿರದಿಂದ ಹಾದುಹೋಗಿತ್ತು. ಹಡಗಿನ ರೇಡಾರ್‌ಗೆ ದೋಣಿ ಬಹುಶಃ ಸಿಕ್ಕಿರಲೇ ಇಲ್ಲ ಎಂಬ ತೀರ್ಮಾನಕ್ಕೆ ಅಲ್ಲಿನ ಕಡಲ ಅಪಘಾತ ತನಿಖಾ ಸಂಸ್ಥೆ ಬಂದಿತು. ತನಿಖೆಯ ಭಾಗವಾಗಿ ಮಾರುಕಟ್ಟೆಯಲ್ಲಿ ಸಿಗುವ ಪ್ರತಿಫಲಕಗಳನ್ನು ಕೈನೆಟಿಕ್ ಎಂಬ ಸಂಸ್ಥೆಯಿಂದ ಪರೀಕ್ಷಿಸಲಾಯಿತು, 2007ರಲ್ಲಿ ಫಲಿತಾಂಶ ಹೊರಬಂತು. ಹಗ್ಗಕ್ಕೆ ಕಟ್ಟಲು ಅನುಕೂಲವೆಂದು ಜನ ಇಷ್ಟಪಡುತ್ತಿದ್ದ ನಾಲ್ಕಿಂಚಿನ ಕೊಳವೆ ಮಾದರಿ ತೀರಾ ಕಳಪೆಯಾಗಿತ್ತು. ಒಳಗಿನ ಮೂಲೆಗಳು ಅಷ್ಟು ಚಿಕ್ಕವಾದರೆ ಹದಿನಾರರ ಲೆಕ್ಕ ಅವುಗಳ ಕತ್ತು ಹಿಸುಕದೆ ಬಿಡುವುದಿಲ್ಲ. ಕಳಪೆ ಪ್ರತಿಫಲಕವನ್ನು ಕಟ್ಟಲೇಬಾರದು, ಅದು ಕಟ್ಟಿದವನಿಗೆ ಸುಳ್ಳು ಧೈರ್ಯ ಕೊಡುತ್ತದೆ ಎಂದು ಆ ವರದಿ ಹೇಳಿದ್ದು ನನಗೆ ಅದರ ಎಲ್ಲ ಅಂಕಿಗಳಿಗಿಂತ ಮುಖ್ಯವೆನಿಸುತ್ತದೆ.

ಅಂತರರಾಷ್ಟ್ರೀಯ ಮಾನದಂಡ ಈ ವಿಷಯದಲ್ಲಿ ತಕ್ಕಮಟ್ಟಿಗೆ ಕಟ್ಟುನಿಟ್ಟಾಗಿದೆ. ಪ್ರತಿಫಲಕದ ರೇಡಾರ್ ವಿಸ್ತೀರ್ಣ ಎಕ್ಸ್ ಬ್ಯಾಂಡಿನಲ್ಲಿ 7.5 ಚದರ ಮೀಟರ್, ಇನ್ನೂ ಉದ್ದದ ಅಲೆಯ ಎಸ್ ಬ್ಯಾಂಡಿನಲ್ಲಿ 0.5 ಚದರ ಮೀಟರ್ ಇರಬೇಕು. ಇದು ಒಂದು ದಿಕ್ಕಿನ ಹೊಳಪಲ್ಲ, ಸುತ್ತಲಿನ 360 ಡಿಗ್ರಿಗಳಲ್ಲಿ 280ರಲ್ಲಾದರೂ ಸಿಗಬೇಕು, ಎಲ್ಲೂ 10 ಡಿಗ್ರಿಗಿಂತ ಅಗಲದ ಕುರುಡು ಕಂಡಿ ಇರಬಾರದು, ಎಂಜಿನ್ ದೋಣಿ 10 ಡಿಗ್ರಿ ವಾಲಿದಾಗಲೂ ಇದು ನಿಲ್ಲಬೇಕು, ಮತ್ತು ಪ್ರತಿಫಲಕ ನೀರಿನಿಂದ ಕನಿಷ್ಠ 4 ಮೀಟರ್ ಎತ್ತರದಲ್ಲಿರಬೇಕು. ಎತ್ತರದ ಷರತ್ತು ಸುಮ್ಮನೆ ಇಟ್ಟದ್ದಲ್ಲ. ಭೂಮಿಯ ಬಾಗು ಅಡ್ಡ ಬರುತ್ತದೆಂಬುದು ದೊಡ್ಡ ಕಾರಣವಲ್ಲ. 25 ಮೀಟರ್ ಎತ್ತರದ ಆಂಟೆನಾಕ್ಕೆ ದಿಗಂತವೇ 11 ಮೈಲಿ ಆಚೆಗಿದೆ. ಅಡ್ಡ ಬರುವುದು ಎರಡು ಮೀಟರಿನ ತೆರೆ. ಅದರ ಹಿಂದೆ ಕುಳಿತ ಪ್ರತಿಫಲಕ ಎಷ್ಟು ದೊಡ್ಡದಾದರೇನು?

ನಾಡದೋಣಿಯ ಕಷ್ಟ ಇಲ್ಲೇ ಶುರುವಾಗುತ್ತದೆ. ಮರದ ಟ್ರಾಲ್ ಬೋಟಿಗೆ ಕ್ಯಾಬಿನ್ ಇದೆ, ಅದರ ಮೇಲೊಂದು ಕಂಬವಿದೆ, ನಾಲ್ಕು ಮೀಟರ್ ಎತ್ತರ ಸಲೀಸು. ಸಣ್ಣ ಎಂಜಿನ್ ಕಟ್ಟಿದ ನಾಡದೋಣಿಯಲ್ಲಿ ನಾಲ್ಕು ಮೀಟರ್ ಗಳು ನಿಲ್ಲಿಸಿದರೆ ಬಲೆ ಬೀಸುವಾಗ ಅಡ್ಡ, ಗಾಳಿಗೆ ದೋಣಿ ವಾಲುವ ಭಯ ಬೇರೆ. ಯಾಂತ್ರೀಕೃತ ದೋಣಿಗಳಿಗೆ ಜೂನ್ ಮತ್ತು ಜುಲೈಯ 61 ದಿನ ನಿಷೇಧವಿರುವುದರಿಂದ ಕರ್ನಾಟಕದಲ್ಲಿ ಆಗ ಕಡಲಿಗಿಳಿಯುವುದು ಈ ನಾಡದೋಣಿಗಳು ಮಾತ್ರ. ಅಂದರೆ ಅತಿ ಚಿಕ್ಕ ದೋಣಿ, ಅತಿ ಕೆಟ್ಟ ಕಡಲು, ದಟ್ಟ ಮಳೆ, ಮೂರೂ ಒಂದೇ ಕಾಲಕ್ಕೆ ಕೂಡುತ್ತವೆ. ಅವು ದಡ ಬಿಟ್ಟು ದೂರ ಹೋಗುವುದಿಲ್ಲ ಎಂಬುದು ನಿಜ. ಆದರೆ ಹಡಗು ಬಂದರಿನ ಬಾಯಿಗೆ ಬರಲೇಬೇಕಲ್ಲ.

ಮಳೆಗಾಲದ ಇನ್ನೊಂದು ತೊಡಕು ಹೆಚ್ಚು ಚರ್ಚೆಯಾಗದೆ ಉಳಿದಿದೆ. 3000 ಟನ್‌ಗಿಂತ ದೊಡ್ಡ ಹಡಗುಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯ ರೇಡಾರ್ ಇರುತ್ತದೆ: ಮೂರು ಸೆಂಟಿಮೀಟರ್ ಅಲೆಯ ಎಕ್ಸ್ ಬ್ಯಾಂಡ್, ಹತ್ತು ಸೆಂಟಿಮೀಟರ್ ಅಲೆಯ ಎಸ್ ಬ್ಯಾಂಡ್. ಮಳೆಯನ್ನೂ ತೆರೆಗಳ ಗದ್ದಲವನ್ನೂ ಎಸ್ ಬ್ಯಾಂಡ್ ಚೆನ್ನಾಗಿ ತಾಳಿಕೊಳ್ಳುವುದರಿಂದ ಹವೆ ಕೆಟ್ಟಾಗ ಅಧಿಕಾರಿ ಅದರ ಪರದೆಯನ್ನೇ ನೆಚ್ಚುತ್ತಾನೆ. ಆದರೆ ಅಲೆ ಉದ್ದವಾದಷ್ಟೂ ಮೂಲೆಯ ಬಲ ಕುಗ್ಗುತ್ತದೆ. ಎಕ್ಸ್ ಬ್ಯಾಂಡಿಗೆ 33 ಚದರ ಮೀಟರ್ ಆಗಿ ಕಂಡ ಮೂಲೆ ಎಸ್ ಬ್ಯಾಂಡಿಗೆ ಮೂರೋ ಮೂರೂವರೆಯೋ. ಮಾನದಂಡದಲ್ಲೇ 7.5ರ ಎದುರಿಗೆ 0.5 ಇರುವುದನ್ನು ಮತ್ತೆ ನೋಡಿ. ದೋಣಿಗೆ ಪ್ರತಿಫಲಕದ ನೆರವು ಅತ್ಯಂತ ಅಗತ್ಯವಾದ ರಾತ್ರಿಯಲ್ಲೇ ಆ ನೆರವು ಹತ್ತನೆಯ ಒಂದಂಶಕ್ಕೆ ಇಳಿದಿರುತ್ತದೆ.

ಇದಕ್ಕೆ ವಿದ್ಯುನ್ಮಾನದ ಉತ್ತರವೊಂದಿದೆ. ಬಂದ ರೇಡಾರ್ ಅಲೆಯನ್ನು ಹಿಡಿದು, ಹಿಗ್ಗಿಸಿ, ಅದೇ ಕ್ಷಣ ಮರಳಿ ಕಳಿಸುವ ಸಕ್ರಿಯ ಪ್ರತಿಫಲಕಗಳು ಸಣ್ಣ ಕೊಳವೆಯೊಳಗಿಂದಲೇ ದೊಡ್ಡ ಹಡಗಿನಂಥ ಚುಕ್ಕೆ ಮೂಡಿಸಬಲ್ಲವು. ಬ್ಯಾಟರಿ ಬೇಕು, ಬೆಲೆ ತಗಡಿನ ಹಲವು ಪಟ್ಟು, ಎರಡೂ ಬ್ಯಾಂಡುಗಳಿಗೆ ಸ್ಪಂದಿಸುವುದಾದರೆ ಇನ್ನೂ ಹೆಚ್ಚು. ಬ್ಯಾಟರಿ ಸತ್ತಾಗ ಅದು ಬರಿಯ ಕೊಳವೆ.

ಹಾಗಾದರೆ ಇಷ್ಟೆಲ್ಲ ಏಕೆ, ಎಐಎಸ್ ಇದೆಯಲ್ಲ ಎಂಬ ಪ್ರಶ್ನೆ ಸಹಜ. ಹಡಗಿನ ಹೆಸರು, ಸ್ಥಾನ, ವೇಗಗಳನ್ನು ವಿಎಚ್‌ಎಫ್ ರೇಡಿಯೊದಲ್ಲಿ ತಾನಾಗಿ ಸಾರುವ ಈ ಉಪಕರಣ 2008ರ ಮುಂಬೈ ದಾಳಿಯ ಬಳಿಕ ಭಾರತದಲ್ಲಿ 20 ಮೀಟರ್‌ಗಿಂತ ಉದ್ದದ ಮೀನುಗಾರಿಕಾ ದೋಣಿಗಳಿಗೆ ಕಡ್ಡಾಯವಾಯಿತು. ಅದು ತೆರೆಯ ಹಿಂದಿದ್ದರೂ ಮಳೆಯಲ್ಲಿದ್ದರೂ ಕಾಣಿಸುತ್ತದೆ, ಗುರುತನ್ನೂ ಹೇಳುತ್ತದೆ; ಒಳ್ಳೆಯ ಸಾಧನವೆಂಬುದರಲ್ಲಿ ಅನುಮಾನವಿಲ್ಲ. ಆದರೆ ಸಣ್ಣ ದೋಣಿಗಳು ಆ ಉದ್ದದ ಮಿತಿಯ ಕೆಳಗೇ ಉಳಿಯುತ್ತವೆ. ಮೇಲಾಗಿ ತಾವು ಕಂಡುಕೊಂಡ ಮೀನಿನ ಜಾಗ ಪಕ್ಕದವರಿಗೆ ತಿಳಿಯಬಾರದೆಂದು ಅದನ್ನು ಆರಿಸಿಡುವ ಅಭ್ಯಾಸ ಜಗತ್ತಿನ ಎಲ್ಲ ಮೀನುಗಾರರಲ್ಲೂ ಇದೆ. ಅದನ್ನು ಬರಿಯ ಶಿಸ್ತಿನ ಕೊರತೆಯೆಂದು ಬೈಯುವುದು ಹೊಟ್ಟೆಪಾಡಿನ ಲೆಕ್ಕ ಅರಿಯದವರ ಮಾತು. ಪ್ರತಿಫಲಕಕ್ಕೆ ಗುಂಡಿಯಿಲ್ಲ, ಅದು ಹೆಸರು ಹೇಳುವುದಿಲ್ಲ, ಕೇಳಿದವರಿಗಷ್ಟೇ ಉತ್ತರ ಕೊಡುತ್ತದೆ. ಗುಟ್ಟು ಕಾಯುವ ತಾಂಡೇಲನಿಗೆ, ಅಂದರೆ ದೋಣಿ ನಡೆಸುವ ಮುಖ್ಯಸ್ಥನಿಗೆ, ಇದು ಒಪ್ಪುವ ಗುಣ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಿಡಬೇಕು. 2024ರ ಆಗಸ್ಟ್ 30ರಂದು ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಪ್ರಧಾನಿ ಚಾಲನೆ ಕೊಟ್ಟ ಯೋಜನೆಯಲ್ಲಿ ದೇಶದ ಒಂದು ಲಕ್ಷ ಮೀನುಗಾರಿಕಾ ದೋಣಿಗಳಿಗೆ ಇಸ್ರೋ ರೂಪಿಸಿದ ಟ್ರಾನ್ಸ್‌ಪಾಂಡರ್‌ಗಳನ್ನು ಅಳವಡಿಸಲಾಗುತ್ತಿದೆ. ಇದಕ್ಕೆ ಗೊತ್ತುಮಾಡಿದ ಮೊತ್ತ 364 ಕೋಟಿ ರೂಪಾಯಿ. ದೋಣಿಯವರು ಉಪಗ್ರಹದ ಮೂಲಕ ದಡಕ್ಕೆ ಸಂದೇಶ ಕಳಿಸಬಹುದು, ಚಂಡಮಾರುತದ ಎಚ್ಚರಿಕೆ ಪಡೆಯಬಹುದು, ಆಪತ್ತಿನಲ್ಲಿ ಕೂಗಬಹುದು. ಜೀವ ಉಳಿಸುವ ವ್ಯವಸ್ಥೆಯೇ ಹೌದು. ಆದರೆ ಅದು ಮಾತಾಡುವುದು ದಡದ ಜೊತೆ. ಮೂರು ಮೈಲಿ ಆಚೆಯಿಂದ ನೇರ ಬರುತ್ತಿರುವ ಹಡಗಿನ ರೇಡಾರ್ ಪರದೆಯಲ್ಲಿ ಅದು ಚುಕ್ಕೆ ಮೂಡಿಸುವುದಿಲ್ಲ. ‘ಟ್ರಾನ್ಸ್‌ಪಾಂಡರ್ ಬಂತು, ಇನ್ನು ಹಡಗಿನವರಿಗೆ ಕಾಣುತ್ತೇವೆ’ ಎಂದು ದಕ್ಕೆಯಲ್ಲಿ ಯಾರಾದರೂ ತಿಳಿದುಕೊಂಡರೆ, ನಾಲ್ಕಿಂಚಿನ ಕೊಳವೆ ಕೊಟ್ಟ ಸುಳ್ಳು ಧೈರ್ಯವೇ ಮತ್ತೊಂದು ರೂಪದಲ್ಲಿ ಬಂದಂತೆ.

ಕಾನೂನು ಈ ಎಲ್ಲದರ ನಡುವೆ ಅರೆಮನಸ್ಸಿನಿಂದ ನಿಂತಿದೆ. ಸಮುದ್ರದಲ್ಲಿ ಜೀವಸುರಕ್ಷೆಯ ಅಂತರರಾಷ್ಟ್ರೀಯ ಒಪ್ಪಂದದ ಐದನೆಯ ಅಧ್ಯಾಯ, 150 ಟನ್‌ಗಿಂತ ಕಡಿಮೆಯ ನೌಕೆಗಳು ಕಾರ್ಯಸಾಧ್ಯವಾದರೆ ಎರಡೂ ಬ್ಯಾಂಡುಗಳಿಗೆ ಕಾಣುವ ಪ್ರತಿಫಲಕವನ್ನೋ ಬೇರೆ ಸಾಧನವನ್ನೋ ಹೊಂದಿರಬೇಕು ಎನ್ನುತ್ತದೆ. ‘ಕಾರ್ಯಸಾಧ್ಯವಾದರೆ’ ಎಂಬ ಪದ ಎಷ್ಟು ಅಗಲವಾದ ಬಾಗಿಲು ಎಂಬುದು ನಮಗೆ ಗೊತ್ತು. ಮೀನುಗಾರಿಕಾ ದೋಣಿಗಳಿಗೆ ಇದು ಎಷ್ಟರಮಟ್ಟಿಗೆ ಅನ್ವಯಿಸಬೇಕೆಂಬುದನ್ನಂತೂ ಒಪ್ಪಂದ ಆಯಾ ದೇಶದ ಸರ್ಕಾರಕ್ಕೇ ಬಿಟ್ಟಿದೆ.

ಮತ್ತೊಂದು ಮಗ್ಗುಲಲ್ಲಿ, 1972ರ ಡಿಕ್ಕಿ ತಡೆ ನಿಯಮಗಳು ಹೊಣೆಯನ್ನು ದೊಡ್ಡವನ ಮೇಲೂ ಸ್ಪಷ್ಟವಾಗಿಯೇ ಹೊರಿಸಿವೆ. ಸಣ್ಣ ನೌಕೆಗಳು ಸಾಕಷ್ಟು ದೂರದಿಂದ ರೇಡಾರ್‌ಗೆ ಸಿಗದೆ ಹೋಗಬಹುದೆಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಹಡಗು ತನ್ನ ವೇಗವನ್ನು ನಿರ್ಧರಿಸಬೇಕು ಎಂದು ಆರನೆಯ ನಿಯಮ ಹೇಳಿದರೆ, ಅರೆಬರೆ ರೇಡಾರ್ ಮಾಹಿತಿಯನ್ನು ನಂಬಿ ಊಹೆ ಮಾಡಬಾರದೆಂದು ಏಳನೆಯದು ಹೇಳುತ್ತದೆ. ಕಣ್ಣು, ಕಿವಿಗಳ ಕಾವಲು ಯಾವ ಹೊತ್ತಿನಲ್ಲೂ ತಪ್ಪಬಾರದೆಂಬುದು ಐದನೆಯ ನಿಯಮ. ದೋಣಿಯವನು ಪ್ರತಿಫಲಕ ಕಟ್ಟಿಲ್ಲವೆಂಬ ಕಾರಣಕ್ಕೆ ಹಡಗಿನವನ ಹೊಣೆ ಕರಗುವುದಿಲ್ಲ. ನಮ್ಮಲ್ಲಿ ಅಪಘಾತವಾದಾಗಲೆಲ್ಲ ಮೊದಲು ಕೇಳಿಬರುವ ಪ್ರಶ್ನೆ ‘ಟ್ರೇಲರಿಗೆ ದೀಪವಿತ್ತೇ’ ಎಂಬುದೇ ಹೊರತು ‘ಕಾರಿನವನ ವೇಗವೆಷ್ಟಿತ್ತು’ ಎಂಬುದಲ್ಲ. ಕಡಲಿನಲ್ಲೂ ಈ ಚಾಳಿ ಬೆಳೆಯಬಾರದು.

ಹೀಗಿದ್ದೂ ದೋಣಿಯವನ ಕಡೆಯಿಂದ ಆಗಬೇಕಾದದ್ದು ಇದೆ, ಮತ್ತು ಅದು ದುಬಾರಿಯದಲ್ಲ. ಸರ್ಕಾರ ಸಹಾಯಧನ ಕೊಡುವುದಾದರೆ ‘ಪ್ರತಿಫಲಕ ಇದೆ’ ಎಂದು ಪಟ್ಟಿಯಲ್ಲಿ ಗುರುತು ಹಾಕುವುದಕ್ಕೆ ಕೊಡಬಾರದು; ಇಷ್ಟು ಅಳತೆಯದು, ಇಷ್ಟು ಎತ್ತರದಲ್ಲಿ, ಈ ಭಂಗಿಯಲ್ಲಿ ಎಂಬುದನ್ನು ನೋಡಿ ಕೊಡಬೇಕು. ನಾಡದೋಣಿಗೆ ಬಲೆ ಬೀಸುವಾಗ ಮಡಚಿ, ಆಮೇಲೆ ನಿಲ್ಲಿಸಬಹುದಾದ ಗಳುವನ್ನು ವಿನ್ಯಾಸ ಮಾಡುವುದು ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಯಾವುದೇ ವಿದ್ಯಾರ್ಥಿ ತಂಡದ ಕೈಗೆಟಕುವ ಕೆಲಸ. ಅದಕ್ಕೆ ಮೈಸೂರು ಕಡಲಿನಿಂದ ದೂರ ಎಂಬ ನೆಪ ಬೇಕಿಲ್ಲ.

ಇನ್ನೊಂದು ಕೆಲಸ ಮಲ್ಪೆಯಲ್ಲೋ ಮಂಗಳೂರಿನಲ್ಲೋ ಆಗಬೇಕು. ತನ್ನ ದೋಣಿ ಹಡಗಿನವರ ಪರದೆಯಲ್ಲಿ ಹೇಗಿರುತ್ತದೆಂದು ಹೆಚ್ಚಿನ ತಾಂಡೇಲರು ಒಮ್ಮೆಯೂ ನೋಡಿರಲಾರರು. ನಿಷೇಧದ ಅವಧಿ ಮುಗಿದು ಆಗಸ್ಟ್ 1ಕ್ಕೆ ದೋಣಿಗಳು ಇಳಿಯುವ ಮುಂಚಿನ ವಾರದಲ್ಲಿ, ರೇಡಾರ್ ಇರುವ ಒಂದು ಗಸ್ತು ದೋಣಿ ಅಳಿವೆಯಾಚೆ ಎರಡು ಮೈಲಿ ದೂರದಲ್ಲಿ ನಿಂತರೆ ಸಾಕು. ತಾಂಡೇಲನನ್ನು ಅದರ ಪರದೆಯ ಮುಂದೆ ಕೂರಿಸಬೇಕು, ಅವನದೇ ದೋಣಿಯನ್ನು ಅವನ ಕಲಾಸಿಗಳು ಅತ್ತಿತ್ತ ಓಡಿಸಬೇಕು. ಮೊದಲು ಪ್ರತಿಫಲಕವಿಲ್ಲದೆ ಹತ್ತು ಸುತ್ತು, ಆಮೇಲೆ ತುದಿಯಿಂದ ತೂಗಿ ಹತ್ತು ಸುತ್ತು, ಕೊನೆಗೆ ಬಟ್ಟಲಿನ ಭಂಗಿಯಲ್ಲಿ ಗಳುವಿನ ನೆತ್ತಿಗೆ ಕಟ್ಟಿ ಹತ್ತು ಸುತ್ತು. ಹತ್ತರಲ್ಲಿ ಎಷ್ಟು ಸಲ ಚುಕ್ಕೆ ಬಂತೆಂದು ಅವನೇ ಬೆರಳು ಮಡಿಸಿ ಎಣಿಸಲಿ.